ಬಿರುಕು ಬಿಡದ ನಲವತ್ತೆಂಟು ತಟ್ಟೆ

ಆಗಸ್ಟ್ 6, 2024, ಮಂಗಳವಾರ

ಇವತ್ತು ಮನೆಯಲ್ಲಿ ಒಂದೇ ಸಡಗರ. ಮಗಳು ಶ್ರೀಪ್ರಿಯಾಗೆ ದೊಡ್ಡ ಆರ್ಡರ್ ಸಿಕ್ಕಿದೆ. ಎಗ್ಮೋರಿನಲ್ಲಿ ಹೊಸದಾಗಿ ಶುರುವಾಗ್ತಿರೋ ಒಂದು ಹೋಟೆಲಿನವರು ಒಳಗೆ ಕಾಲಿಟ್ಟ ಕೂಡಲೇ ಕಾಣೋ ಗೋಡೆಗೆ ನಲವತ್ತೆಂಟು ಪಿಂಗಾಣಿ ತಟ್ಟೆ ಕೇಳಿದ್ದಾರೆ. ತಟ್ಟೆಯ ಮೇಲಿನ ಗಾಜಿನಂಥ ಲೇಪ ಇದೆಯಲ್ಲ, ಮೆರುಗು, ಅದರ ತುಂಬ ಬಿರುಕು ಇರಬೇಕಂತೆ. ಹೌದು, ಬಿರುಕು. ಬೇಕು ಅಂತಲೇ ಬರಿಸೋದು. ಅದಕ್ಕೆ ಕ್ರಾಕಲ್ ಅಂತ ಹೆಸರು ಬೇರೆ. ನಾನು ಮೂವತ್ತನಾಲ್ಕು ವರ್ಷ ತಿರುವೊಟ್ಟಿಯೂರಿನ ಫ್ಯಾಕ್ಟರಿಯಲ್ಲಿ ವಾಶ್‌ಬೇಸಿನ್ ತಪಾಸಣೆ ಮಾಡಿದವನು. ಇಂಥದ್ದು ಒಂದೇ ಒಂದು ಗೆರೆ ಕಂಡರೂ ಕೆಂಪು ಸೀಮೆಸುಣ್ಣದಲ್ಲಿ ಗೀಟು ಹಾಕಿ ಒಡೆಯೋ ರಾಶಿಗೆ ಕಳಿಸ್ತಿದ್ದೆ. ಅದು ಈಗ ಕಲೆಯಂತೆ.

ಜಯಲಕ್ಷ್ಮಿ ಕೇಸರಿಬಾತ್ ಮಾಡಿದಳು. ನಾನೂ ತಿಂದೆ, ತಿನ್ನದೇ ಏನು ಮಾಡಲಿ. ಮಗಳು ಬ್ಯಾಂಕಿನ ಕೆಲಸ ಬಿಟ್ಟು ಹಿತ್ತಲ ಶೆಡ್ಡಿನಲ್ಲಿ ಪಾತ್ರೆ ಸುಡೋ ಕರೆಂಟಿನ ಕಿಲ್ನು ಇಟ್ಟುಕೊಂಡು ಮಣ್ಣು ಕಲಸೋಕೆ ಶುರು ಮಾಡಿ ನಾಲ್ಕು ವರ್ಷ ಆಯಿತು. ಈ ಆರ್ಡರ್ ಕೈ ಹಿಡಿಯದಿದ್ದರೆ ಕಿಲ್ನು ಮಾರಿ ಮತ್ತೆ ಬ್ಯಾಂಕಿಗೇ ಹೋಗ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದಾಳೆ. ಮಾತು ಕೊಟ್ಟರೆ ತಪ್ಪೋವಳಲ್ಲ, ಅದರಲ್ಲಿ ನನ್ನ ಮಗಳೇ.

ಕಾಫಿ ಕುಡಿಯೋವಾಗ ನನ್ನ ಪಕ್ಕ ಬಂದು ಕೂತು ಕೇಳಿದಳು, ಈ ಬಿರುಕು, ಕ್ರೇಜಿಂಗ್, ಬರದ ಹಾಗೆ ಮಾಡೋದು ನಿಮಗೆ ಗೊತ್ತಲ್ಲಪ್ಪಾ, ಬರೋ ಹಾಗೆ ಮಾಡೋದೂ ಗೊತ್ತಿರಬೇಕಲ್ವಾ ಅಂತ. ಗೊತ್ತಿಲ್ಲ ಅಂದೆ. ಗೊತ್ತಿಲ್ಲದೆ ಏನು. ಮೆರುಗಿಗೆ ಬೆರೆಸೋ ಕಲ್ಲಿನ ಪುಡಿಗಳಲ್ಲಿ ಸಿಲಿಕಾ ಕಮ್ಮಿ ಮಾಡಿ ಫೆಲ್ಡ್‌ಸ್ಪಾರ್ ಜಾಸ್ತಿ ಹಾಕಿದರೆ, ಕಿಲ್ನು ಆರೋವಾಗ ಮೆರುಗು ಮಣ್ಣಿಗಿಂತ ಹೆಚ್ಚು ಕುಗ್ಗತ್ತೆ, ಬಿಗಿ ತಾಳಲಾರದೆ ಸೀಳತ್ತೆ. ಮೂರನೇ ಕ್ಲಾಸಿನ ಮಗುವಿಗೂ ಹೇಳಿಕೊಡಬಹುದು. ಹೇಳೋಕೆ ಮನಸ್ಸಾಗಲಿಲ್ಲ.

ಆಗಸ್ಟ್ 14, ಬುಧವಾರ

ನನ್ನ ಸಹಾಯ ಇಲ್ಲದೇನೇ ಸಾಧಿಸಿದಳು, ಒಪ್ಪಬೇಕು. ಆರ್ಡರ್ ಮಾತು ನಡೀತಿದ್ದಾಗಿನಿಂದ, ಮೂರು ತಿಂಗಳು, ಪರೀಕ್ಷೆಗೆ ಅಂತ ಸಣ್ಣ ಬಿಲ್ಲೆಗಳನ್ನ ಸುಟ್ಟು ಸುಟ್ಟು ನೋಡ್ತಿದ್ದಳು, ಇವತ್ತು ತೆಗೆದದ್ದು ಅವಳಿಗೆ ಬೇಕಾದ ಹಾಗೇ ಬಂದಿದೆ. ಮೇಜಿನ ಮೇಲಿಟ್ಟ ಮೇಲೂ ಟಿಣ್ ಟಿಣ್ ಅಂತ ಸೀಳ್ತಾ ಇತ್ತು. ಕಪ್ಪು ಇಂಕು ಸವರಿ ಬಟ್ಟೆಯಲ್ಲಿ ಒರೆಸಿದಳು, ಬಿರುಕುಗಳೆಲ್ಲ ಎದ್ದು ಕಂಡವು. ಜಯಲಕ್ಷ್ಮಿ ಕೈ ಒರೆಸಿಕೊಂಡು ಬಂದು, ಎಷ್ಟು ಚೆಂದ ಇದೆಯೇ ಅಂದಳು. ನಾನು ಎದ್ದು ಹೊರಗೆ ಬಂದೆ.

ನನ್ನ ನೌಕರಿ ತಿಂದದ್ದು ಇದೇ ಟಿಣ್ ಟಿಣ್. ಏಳು ವರ್ಷದ ಹಿಂದೆ ಒಂದು ಆಸ್ಪತ್ರೆಗೆ ಕಳಿಸಿದ ಬೇಸಿನ್‌ಗಳು ಆರು ತಿಂಗಳಾದ ಮೇಲೆ ಬಿರುಕು ಬಿಟ್ಟವು. ಮೆರುಗು ಕಲಸೋ ವಿಭಾಗ ರಮೇಶ್‌ದು. ಸಿಲಿಕಾ ಕಮ್ಮಿ ಹಾಕಿ, ಪುಸ್ತಕದಲ್ಲಿ ಸರಿಯಾಗಿದೆ ಅಂತ ಬರೆದವನು ಅವನು. ವಿಚಾರಣೆಯಲ್ಲಿ ನೆಲ ನೋಡ್ತಾ ನಿಂತಿದ್ದ. ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ಪಾಸ್ ಮಾಡಿದ ಸಹಿ ನನ್ನದು ಅಂತ, ರಿಟೈರ್ ಆಗೋಕೆ ಎಂಟು ತಿಂಗಳು ಇರೋವಾಗ ನನ್ನನ್ನ ಮನೆಗೆ ಕಳಿಸಿದರು. ಇವತ್ತಿಗೂ ಸಂಧ್ಯಾವಂದನೆ ಮುಗಿಸಿ ಕೈ ಮುಗಿಯೋವಾಗ ಅವನ ಮುಖ ಕಣ್ಣ ಮುಂದೆ ಬರತ್ತೆ. ದೇವರ ಮುಂದೆ ಹೇಳಬಾರದ ಮಾತು ಹೇಳ್ತೀನಿ.

ಆಗಸ್ಟ್ 21, ಬುಧವಾರ

ರಾಯರ ಆರಾಧನೆ. ಟ್ರಿಪ್ಲಿಕೇನ್ ಮಠದಲ್ಲಿ ತೀರ್ಥಪ್ರಸಾದ. ಬಸ್ಸಿನಲ್ಲಿ ಹೋಗಿ ಬರೋದರಲ್ಲೇ ಜೀವ ಹಣ್ಣಾಯಿತು.

ಊಟಕ್ಕೆ ಕೂತಾಗ ಒಂದು ಯೋಚನೆ ಬಂತು. ಎಲೆ ಆದರೆ ಎತ್ತಿ ಬಿಸಾಕ್ತೀವಿ. ಬೆಳ್ಳಿ, ಸ್ಟೀಲು ತಿಕ್ಕಿದರೆ ಶುದ್ಧ. ಈ ಬಿರುಕು ಬಿಟ್ಟ ತಟ್ಟೆ? ಸಾರು, ಮೊಸರು, ಎಲ್ಲ ಆ ಸಂದಿಗಳಲ್ಲಿ ಇಳಿದು ಕೂತ್ಕೊಳ್ಳತ್ತೆ. ಯಾವ ಹುಣಿಸೆಹಣ್ಣು ಹಾಕಿ ತಿಕ್ಕಿದರೂ ಹೋಗಲ್ಲ. ನಿನ್ನೆ ಉಂಡವನ ಎಂಜಲು ಇವತ್ತು ಉಣ್ಣೋವನ ಬಾಯಿಗೆ. ಹೋಟೆಲು ಅಂದ ಮೇಲೆ ದಿನಕ್ಕೆ ಎಷ್ಟು ಜನವೋ. ಇದು ನಮ್ಮ ಮನೆ ಮಡಿ ಮುಸುರೆ ಮಾತಷ್ಟೇ ಅಲ್ಲ, ಫ್ಯಾಕ್ಟರಿ ನಿಯಮವೂ ಹೌದು. ಅಂಥದ್ದು ನನ್ನ ಮಗಳ ಕೈಯಿಂದ ಹೋಗಬೇಕಾ?

ಮನೆಗೆ ಬಂದು ಜಯಲಕ್ಷ್ಮಿಗೆ ಹೇಳಿದೆ. ನಿಮಗೆ ಎಲ್ಲದರಲ್ಲೂ ಕೊಂಕೇ ಅಂತ ಒಳಗೆ ಹೋದಳು. ಇಡೀ ಮಾತು ಕೇಳಿಸಿಕೊಳ್ಳೋ ಅಭ್ಯಾಸ ಈ ಮನೆಯಲ್ಲಿ ಯಾರಿಗೂ ಇಲ್ಲ.

ಆಗಸ್ಟ್ 30, ಶುಕ್ರವಾರ

ಶ್ರೀಪ್ರಿಯಾ ಎಗ್ಮೋರಿಗೆ ಹೋಗಿದ್ದಳು, ಅಳತೆ ತಗೊಂಡು ಬರೋಕೆ. ಅವಳಮ್ಮ ತರಕಾರಿಗೆ ಹೋಗಿದ್ದಳು. ಶೆಡ್ಡಿನಲ್ಲಿ ಮಗಳು ಮೆರುಗಿನ ಎರಡು ದೊಡ್ಡ ಬಕೆಟ್ ಕಲಸಿ ಮುಚ್ಚಿಟ್ಟಿದ್ದಳು, ನಾಳೆ ತಟ್ಟೆ ಅದ್ದೋಕೆ. ಸಿಲಿಕಾ ಪುಡಿಯ ಚೀಲ ಅಲ್ಲೇ ಮೂಲೆಯಲ್ಲಿತ್ತು.

ಎರಡಕ್ಕೂ ಹಾಕಿದೆ. ಚೆನ್ನಾಗಿ ಕಲಸಿ, ಜರಡಿ ಹಿಡಿದು, ಮುಚ್ಚಳ ಇದ್ದ ಹಾಗೇ ಇಟ್ಟೆ. ತೂಕ ಮಾಡಲಿಲ್ಲ. ಕೈ ಅಳತೆ ಸಾಕು, ಈ ಕೈಗೆ ಮೂವತ್ತನಾಲ್ಕು ವರ್ಷದ ಅಭ್ಯಾಸ ಇದೆ.

ಸರಿ ಮಾಡಿದೆ ಅಷ್ಟೇ. ಇನ್ನು ತಟ್ಟೆ ಗಾಜಿನ ಹಾಗೆ ನುಣ್ಣಗೆ ಬರತ್ತೆ. ಒಳ್ಳೆ ಸಾಮಾನು ಕಣ್ಣಿಗೆ ಬಿದ್ದರೆ ಹೋಟೆಲಿನವರೂ ಒಪ್ಪಿಕೊಳ್ತಾರೆ.

ಸೆಪ್ಟೆಂಬರ್ 3, ಮಂಗಳವಾರ

ಮೊದಲ ಇಪ್ಪತ್ತನಾಲ್ಕು ತೆಗೆದಳು. ಒಂದರಲ್ಲೂ ಬಿರುಕಿಲ್ಲ. ನಾನು ಒಂದನ್ನ ಬೆಳಕಿಗೆ ಹಿಡಿದು ನೋಡಿದೆ. ಫಸ್ಟ್ ಕ್ಲಾಸ್. ಫ್ಯಾಕ್ಟರಿಯಲ್ಲಾಗಿದ್ದರೆ ಕಣ್ಣು ಮುಚ್ಚಿ ಪಾಸ್ ಮಾಡ್ತಿದ್ದೆ.

ಅವಳು ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಕೇಳಿಸಿಕೊಳ್ತಾ ಕೂತಳು. ಮಧ್ಯಾಹ್ನದ ಹೊತ್ತಿಗೂ ಟಿಣ್ ಅನ್ನಲಿಲ್ಲ. ಊಟಕ್ಕೆ ಬಾ ಅಂದರೆ, ಪೋದುಂಪಾ, ಸಾಕು ಬಿಡಿ, ಒಂದರ್ಧ ಗಂಟೆ ಅಂದಳು. ತುಂಬ ನಿಧಾನವಾಗಿ ಆರಿಸಿದೆನೇನೋ ಅಂತ ತನ್ನನ್ನೇ ಬೈದುಕೊಂಡಳು. ಉಳಿದ ಇಪ್ಪತ್ತನಾಲ್ಕಕ್ಕೆ ಕಿಲ್ನಿನ ಬಾಗಿಲು ಬೇಗ ತೆಗೀತಾಳಂತೆ.

ತೆಗೆಯಲಿ. ಬರಲ್ಲ.

ಸೆಪ್ಟೆಂಬರ್ 5, ಗುರುವಾರ

ಬರಲಿಲ್ಲ. ಶೆಡ್ಡಿನ ನೆಲದ ಮೇಲೆ ಕೂತು ಅತ್ತಳು. ಅವಳು ಅತ್ತಿದ್ದನ್ನ ನೋಡಿ ಎಷ್ಟೋ ವರ್ಷ ಆಗಿತ್ತು.

ಅಡಿಗೆಮನೆಗೆ ಹೋಗಿ ಜಯಲಕ್ಷ್ಮಿಗೆ ಹೇಳಿದೆ, ಒಳ್ಳೇದೇ ಆಯಿತು, ಆ ತಟ್ಟೆಯಲ್ಲಿ ಜನ ಊಟ ಮಾಡಿದ್ದರೆ ಕಾಯಿಲೆ ಬರ್ತಿತ್ತು ಅಂತ. ಅವಳು ಸೌಟು ಹಿಡಿದುಕೊಂಡೇ ನನ್ನನ್ನ ನೋಡಿದಳು. "ಊಟಕ್ಕೆ ಯಾರು ಹೇಳಿದ್ದು ನಿಮಗೆ? ಗೋಡೆಗೆ ನೇತುಹಾಕೋ ತಟ್ಟೆ ಅಲ್ವಾ ಅದು?"

ನನಗೆ ಯಾರೂ ಹೇಳಲಿಲ್ಲ ಅಂದೆ. ಈ ಮನೆಯಲ್ಲಿ ನನಗೆ ಯಾವುದನ್ನೂ ಯಾರೂ ಹೇಳೋದಿಲ್ಲ. ರೇಗಿ ರೂಮಿಗೆ ಬಂದು ಈ ಪುಸ್ತಕ ತೆಗೆದು ಹಿಂದಿನ ಪುಟ ನೋಡಿದೆ. ಆಗಸ್ಟ್ ಆರು, ಮೂರನೇ ಸಾಲು. ಗೋಡೆಗೆ ಅಂತ ನನ್ನ ಕೈಬರಹದಲ್ಲೇ ಇದೆ.

ಬರೆಯೋವಾಗ ಗಮನ ಇರಲಿಲ್ಲ, ಅಷ್ಟೇ.

ಸೆಪ್ಟೆಂಬರ್ 6, ಶುಕ್ರವಾರ

ನಾಳೆ ಗಣೇಶನ ಹಬ್ಬ. ಮನೆಯಲ್ಲಿ ಸಾವಾದ ಹಾಗಿದೆ. ಹೋಟೆಲಿನವರು ಅಕ್ಟೋಬರ್ ಎಂಟರ ತನಕ ಟೈಮು ಕೊಟ್ಟಿದ್ದಾರೆ, ಅದಾದ ಮೇಲೆ ಬೇರೆಯವರಿಗೆ ಕೊಡ್ತಾರಂತೆ. ಇವಳಿಗೆ ಮತ್ತೆ ಶುರು ಮಾಡೋ ಧೈರ್ಯವೇ ಇಲ್ಲ. ಬೆಳಿಗ್ಗೆ ನನ್ನ ಮುಂದೆ ಕೈ ಎರಡೂ ಚಾಚಿ, ನನ್ನ ಕೈಗೆ ಇದು ಬರಲ್ಲಪ್ಪಾ, ಬಿಲ್ಲೆಯಲ್ಲಿ ಬಂದದ್ದು ಏನೋ ಅದೃಷ್ಟ ಅಂದಳು. ಬ್ಯಾಂಕಿನ ಗೆಳತಿಗೆ ಆಗಲೇ ಫೋನ್ ಮಾಡಿದಾಳೆ.

ಹೇಳಿಬಿಡೋಣ ಅಂತಲೇ ಬಾಯಿ ತೆರೆದೆ. ಕೂಸು ಆ ಥರ ಕೈ ನೋಡಿಕೊಳ್ತಾ ಕೂತರೆ ಯಾವ ತಂದೆಗೆ ಸಂಕಟ ಆಗಲ್ಲ. ಆದರೆ ಬಾಯಿಂದ ಬಂದದ್ದು ಬೇರೆ. ನಿನ್ನ ಕೈ ಸರಿಯಾಗೇ ಇದೆ, ಸಾಮಾನು ಸರಿ ಇಲ್ಲದೇ ಇರಬಹುದು ಅಂದೆ. ಬಿಲ್ಲೆಗೆ ಹಾಕಿದ್ದು ಹಳೇ ಮೂಟೆಯ ಫೆಲ್ಡ್‌ಸ್ಪಾರ್, ತಟ್ಟೆಗಳಿಗೆ ಹೊಸ ಮೂಟೆ ಒಡೆದೆ ಅಲ್ವಾ, ಯೋಚನೆ ಮಾಡು ಅಂದೆ.

ಸಮಾಧಾನಕ್ಕೆ ಅಂದ ಮಾತು. ಆದರೆ ಅವಳ ಮುಖ ತಿಳಿಯಾಯಿತು, ಎದ್ದು ಮುಖ ತೊಳೆದುಕೊಂಡು ಬಂದಳು. ಸಂಜೆ ಮೋದಕಕ್ಕೆ ಅಮ್ಮನ ಜೊತೆ ಕೂತು ಕಾಯಿ ತುರಿದಳು.

ಸೆಪ್ಟೆಂಬರ್ 9, ಸೋಮವಾರ

ಮಗಳ ಜೊತೆ ಪ್ಯಾರೀಸ್ ಕಾರ್ನರಿನ ಕಮಲಾಕರ ರಾಯರ ಅಂಗಡಿಗೆ ಹೋಗಿದ್ದೆ, ಆ ಹೊಸ ಮೂಟೆ ಅವರ ಅಂಗಡಿಯದೇ. ಫ್ಯಾಕ್ಟರಿಗೆ ಇಪ್ಪತ್ತು ವರ್ಷ ಕಚ್ಚಾ ಸಾಮಾನು ಕೊಟ್ಟವರು, ಎಪ್ಪತ್ತು ದಾಟಿದೆ. ಮಗಳಿಗೆ ಅವರ ಅಂಗಡಿ ತೋರಿಸಿದವನು ನಾನೇ. ನನ್ನನ್ನ ಫ್ಯಾಕ್ಟರಿಯಿಂದ ಕಳಿಸಿದಾಗ ಮನೆ ತನಕ ಬಂದು ನನ್ನ ಜೊತೆ ಕೂತು ಹೋದವರು ಅವರೊಬ್ಬರೇ.

ಶ್ರೀಪ್ರಿಯಾ ನುಣುಪಾದ ಒಂದು ತಟ್ಟೆ ತೆಗೆದು ಗಲ್ಲಾ ಮೇಲಿಟ್ಟು, ಮೂಟೆಗೆ ಸಿಲಿಕಾ ಬೆರೆಸಿ ಮಾರಿದೀರಿ ಅಂತ ನೇರವಾಗಿ ಕೇಳಿದಳು. ಅರ್ಧ ತಮಿಳು, ಅರ್ಧ ಕನ್ನಡ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ರಾಯರಿಗೆ ಸಿಟ್ಟು ಬರಲಿಲ್ಲ. ಅದೇ ಲಾಟಿನ ಇನ್ನೊಂದು ಮೂಟೆಯಿಂದ ಒಂದು ಹಿಡಿ ತಗೊಂಡು ಸುಟ್ಟು ನೋಡೋಣಮ್ಮ ಅಂದರು. ಅವಳು ನನಗೆ ಟೈಮಿಲ್ಲ ಅಂದಳು. ಆಗ ರಾಯರು ಚಿಟಿಕೆ ಪುಡಿ ನನ್ನ ಅಂಗೈಗೆ ಹಾಕಿ, "ನೀವು ಹೇಳಿ ಸ್ವಾಮೀ. ನಿಮಗಿಂತ ಬಲ್ಲವರು ಯಾರಿದಾರೆ?" ಅಂದರು.

ಬೆರಳಲ್ಲಿ ಉಜ್ಜಿದೆ. ಶುದ್ಧ ಫೆಲ್ಡ್‌ಸ್ಪಾರ್. ಬರೀ ಕೈಯಲ್ಲಿ ಹೇಳೋಕಾಗಲ್ಲ ಅಂದೆ.

ಸುಳ್ಳಲ್ಲ ಅದು. ಬರೀ ಕೈಯಲ್ಲಿ ಯಾರೂ ಖಡಾಖಂಡಿತವಾಗಿ ಹೇಳೋಕಾಗಲ್ಲ.

ಮನೆಗೆ ಬಂದು ಶೆಡ್ಡು ಗುಡಿಸಿ, ಉಳಿದ ಮೆರುಗನ್ನ ಚೆಲ್ಲಿ, ಬಕೆಟ್ಟು ತೊಳೆದಿಟ್ಟೆ. ಮನೆಯಲ್ಲಿ ಕೂತವನು ಅಷ್ಟಾದರೂ ಮಾಡಬೇಕು.

ಸೆಪ್ಟೆಂಬರ್ 13, ಶುಕ್ರವಾರ

ಊರಿನ ಕುಂಬಾರಿಕೆಯವರೆಲ್ಲ ಸೇರಿರೋ ವಾಟ್ಸಾಪ್ ಗುಂಪಿನಲ್ಲಿ ರಾಯರ ಅಂಗಡಿ ಹೆಸರು ಹಾಕಿ ಬರೆದಿದಾಳೆ. ಫೋಟೋ ಸಮೇತ. ಯಾರ ಯಾರದೋ ಕೆಟ್ಟ ಪಾತ್ರೆಗಳಿಗೆಲ್ಲ ಈಗ ರಾಯರೇ ಕಾರಣ ಆಗಿದಾರೆ. ನನಗೂ ಆ ಥರ ಆಗಿತ್ತು, ನನಗೂ ಆಗಿತ್ತು ಅಂತ ಒಬ್ಬರ ಹಿಂದೆ ಒಬ್ಬರು. ಮೂರು ಸ್ಟುಡಿಯೋದವರು ಅವರ ಹತ್ತಿರ ಕೊಳ್ಳೋದು ನಿಲ್ಲಿಸಿದರಂತೆ. ಇವಳು ಅದನ್ನ ಗೆದ್ದವಳ ಹಾಗೆ ಓದಿ ಹೇಳಿದಳು. ಜಯಲಕ್ಷ್ಮಿ, ವಯಸ್ಸಾದವರು ಪಾಪ ಅಂದಳು. ನಾನು ಟೀವಿ ನೋಡ್ತಿದ್ದೆ.

ಇಷ್ಟು ದೂರ ಹೋಗಬಾರದಿತ್ತು. ಗುಂಪಲ್ಲಿ ಬರಿ ಅಂತ ನಾನೇನು ಹೇಳಿರಲಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಹೋಗಿ ಹೇಳಿಬಂದೆ.

ಶ್ರಾದ್ಧದ ಸಾಮಾನು ತರ್ತೀನಿ ಅಂತ ಮನೆಯಲ್ಲಿ ಸುಳ್ಳು ಹೇಳಿ ಪ್ಯಾರೀಸ್ ಕಾರ್ನರಿಗೆ ಹೋದೆ. ಅಂಗಡಿಯಲ್ಲಿ ರಾಯರು ಒಬ್ಬರೇ ಇದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಬಕೆಟ್ಟು, ಸಿಲಿಕಾ, ಎಲ್ಲ. ಬೈತಾರೆ ಅಂದುಕೊಂಡಿದ್ದೆ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರ ಆಗ್ತಿದ್ದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

ಆಮೇಲೆ ಹೇಳಿದರು: "ನನ್ನ ಬಾಯಿಂದ ಮಗುಗೆ ಈ ಮಾತು ಹೋಗಲ್ಲ ಸ್ವಾಮೀ. ನೀವೇ ಹೇಳಬೇಕು. ಅಪ್ಪ ಹೇಳಿದರೆ ಅವಳು ತಡ್ಕೋತಾಳೆ, ಹೊರಗಿನವರು ಹೇಳಿದರೆ ಇಬ್ಬರ ಮೇಲೂ ನಂಬಿಕೆ ಹೋಗತ್ತೆ."

ಟೀ ತರಿಸಿದರು. ಕುಡಿದೆ. ಇಳಿಯೋವಾಗ ಮೆಟ್ಟಿಲ ಹತ್ತಿರ ನನ್ನ ಮೊಣಕೈ ಹಿಡಿದುಕೊಂಡರು, ಅಲ್ಲಿ ಒಂದು ಕಲ್ಲು ಅಲ್ಲಾಡತ್ತೆ, ನೋಡಿಕೊಂಡು ಇಳೀರಿ ಅಂತ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಎಷ್ಟೋ ದಿನದ ಮೇಲೆ ಎದೆ ಹಗುರ ಆಗಿತ್ತು. ಹೇಳಬೇಕಾದವರಿಗೆ ಹೇಳಿಯಾಯಿತು.

ಸೆಪ್ಟೆಂಬರ್ 18, ಬುಧವಾರ

ಶ್ರೀಪ್ರಿಯಾಗೆ ಹೇಳಲಿಲ್ಲ. ಅವಳಿಗೆ ತಲೆನೋವು.

ಸೆಪ್ಟೆಂಬರ್ 19, ಗುರುವಾರ

ಹೇಳಲಿಲ್ಲ. ಇವತ್ತು ಚಕ್ರದ ಮುಂದೆ ಮತ್ತೆ ಕೂತಿದಾಳೆ. ಬೇರೆ ಅಂಗಡಿಯಿಂದ ಸಾಮಾನು ತರಿಸಿದಾಳೆ. ಕೂತವಳನ್ನ ಎಬ್ಬಿಸೋದು ಯಾಕೆ?

ಸೆಪ್ಟೆಂಬರ್ 22, ಭಾನುವಾರ

ಕೆಲಸ ಜೋರಾಗಿ ನಡೀತಿದೆ. ಹದಿನಾರು ದಿನದಲ್ಲಿ ನಲವತ್ತೆಂಟು ಮುಗಿಸಬೇಕು. ನಾನೇ ಕೇಳಿದೆ, ಏನಾದರೂ ಮಾಡಿಕೊಡಲಾ ಅಂತ. ಅವಳು ಮೊದಲು ನಂಬಲಿಲ್ಲ. ಆಮೇಲೆ ತಕ್ಕಡಿ ನನ್ನ ಮುಂದಿಟ್ಟಳು. ಫೆಲ್ಡ್‌ಸ್ಪಾರ್, ಸುಣ್ಣದ ಪುಡಿ, ಸಿಲಿಕಾ, ಎಲ್ಲ ಗ್ರಾಮ್ ಲೆಕ್ಕದಲ್ಲಿ ತೂಗಿ ಕೊಟ್ಟೆ. ತಟ್ಟೆಗಳನ್ನ ಒಣಗಿಸೋ ಹಲಗೆ ಕಮ್ಮಿ ಬಿತ್ತು, ಹಳೇ ಮಂಚದ ಹಲಗೆ ಬಿಚ್ಚಿ ಕೊಟ್ಟೆ. ಬಿರುಕು ಇನ್ನೂ ಸಣ್ಣದಾಗಿ ಒತ್ತೊತ್ತಾಗಿ ಬೇಕಾದರೆ ಸಿಲಿಕಾ ಇನ್ನೆರಡು ಪರ್ಸೆಂಟ್ ಇಳಿಸು ಅಂತ ಹೇಳಿಕೊಟ್ಟೆ.

ಮೊದಲೇ ಯಾಕೆ ಹೇಳಲಿಲ್ಲ ಅಂತ ನಕ್ಕಳು. ನೀನು ಸರಿಯಾಗಿ ಕೇಳಲಿಲ್ಲ ಅಂದೆ. ಇಬ್ಬರೂ ನಕ್ಕೆವು.

ಸೆಪ್ಟೆಂಬರ್ 30, ಸೋಮವಾರ

ಬಂತು. ಮೊದಲ ಇಪ್ಪತ್ತನಾಲ್ಕೂ ಬಂತು. ಬಾಗಿಲು ತೆಗೆಯೋ ಮುಂಚೆನೇ ಒಳಗಿಂದ ಟಿಣ್ ಟಿಣ್ ಕೇಳಿಸ್ತಿತ್ತು. ಅವಳು ನನ್ನ ತೋಳು ಹಿಡಿದುಕೊಂಡು ನಿಂತಿದ್ದಳು, ಉಗುರು ಚುಚ್ಚೋ ಹಾಗೆ.

ಇಂಕು ಸವರೋ ಕೆಲಸ ನನಗೇ ಕೊಟ್ಟಳು. ಬಟ್ಟೆಯಲ್ಲಿ ಒರೆಸ್ತಾ ಹೋದ ಹಾಗೆ ಗೆರೆಗಳು ಒಂದರಿಂದ ಒಂದು ಹೊರಡ್ತವೆ, ಯಾವ ಎರಡು ತಟ್ಟೆಯೂ ಒಂದೇ ಥರ ಇಲ್ಲ. ಚೆನ್ನಾಗಿದೆ. ಇಷ್ಟು ವರ್ಷ ಗೀಟು ಹಾಕಿ ಒಡೆಸಿದ್ದರಲ್ಲಿ ಇಂಥವು ಎಷ್ಟಿದ್ದವೋ. ಕೆಲಸ ಮುಗಿದ ಮೇಲೂ ಅಲ್ಲೇ ಕೂತಿದ್ದೆ.

ಮಧ್ಯದಲ್ಲಿ ಅವಳು, ಆ ಮನುಷ್ಯನ ಮಾಲು ಬಿಟ್ಟಿದ್ದೇ ಒಳ್ಳೇದಾಯಿತು ಅಂದಳು. ಹೂಂ ಅಂದೆ.

ಅಕ್ಟೋಬರ್ 7, ಸೋಮವಾರ

ಒಂದು ದಿನ ಮುಂಚೆನೇ ನಲವತ್ತೆಂಟೂ ಹೋಟೆಲಿಗೆ ತಲುಪಿತು. ಕಿಲ್ನು ಮಾರೋ ಮಾತು ಇಲ್ಲ. ಜಯಲಕ್ಷ್ಮಿ ಗೊಂಬೆ ಕೂರಿಸಿರೋ ಹಲಗೆಯ ಮೇಲೆ ಉಳಿದ ಒಂದು ಬಿಲ್ಲೆಯನ್ನೂ ಇಟ್ಟಿದಾಳೆ. ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಅಕ್ಟೋಬರ್ 9, ಬುಧವಾರ

ಆ ವಾಟ್ಸಾಪ್ ಗುಂಪಿನಲ್ಲಿ ನಮಿತಾ ಅಂತ ಒಬ್ಬಳಿದ್ದಾಳೆ, ಅಡ್ಯಾರಿನಲ್ಲಿ ಸ್ಟುಡಿಯೋ. ಅವಳು ರಾಯರ ಅಂಗಡಿಯಿಂದ ಅದೇ ಲಾಟಿನ ಪುಡಿ ತಗೊಂಡು ಸುಟ್ಟು ನೋಡಿದಳಂತೆ, ಬಿರುಕು ಚೆನ್ನಾಗೇ ಬಂತಂತೆ. ಶ್ರೀಪ್ರಿಯಾ ತನ್ನ ಮಾತು ವಾಪಸ್ ತಗೋಬೇಕು, ಆ ವಯಸ್ಸಾದವರು ಅಂಗಡಿ ಮುಚ್ಚೋ ಸ್ಥಿತಿಗೆ ಬಂದಿದಾರೆ ಅಂತ ಬರೆದಿದಾಳೆ. ಅದನ್ನ ಓದಿ ಇವಳ ಮುಖ ಸಪ್ಪಗಾಯಿತು. ನಾನು ತಪ್ಪು ಮಾಡಿದೆನಾ ಅಂತ ನನ್ನನ್ನೇ ಕೇಳಿದಳು. ಹಾಗಾದರೆ ಕೆಡಿಸಿದ್ದು ನನ್ನ ಕೈಯೇನಾ ಅಂತಲೂ ಕೇಳಿದಳು. ಮತ್ತೆ ಅದೇ ಥರ ಕೈ ನೋಡಿಕೊಂಡಳು.

ಆ ಕೈ ನೋಡಿಕೊಳ್ಳೋದನ್ನ ನನ್ನಿಂದ ನೋಡೋಕಾಗಲ್ಲ.

ನಿನ್ನ ತಪ್ಪಿಲ್ಲ ಅಂದೆ. ಒಂದೇ ಲಾಟಿನಲ್ಲೂ ಒಂದು ಮೂಟೆ ಒಂದು ಥರ, ಇನ್ನೊಂದು ಮೂಟೆ ಒಂದು ಥರ ಇರತ್ತೆ, ನಮಿತಾ ತಗೊಂಡ ಹಿಡಿ ಒಳ್ಳೇದಿರಬಹುದು ಅಂದೆ. ಅದನ್ನೇ ಬರೆದುಕೊಡ್ತೀರಾ ಅಪ್ಪಾ, ನಿಮ್ಮ ಮಾತು ಅಂದರೆ ಎಲ್ಲರೂ ಒಪ್ತಾರೆ ಅಂತ ಕಾಗದ ಪೆನ್ನು ತಂದಿಟ್ಟಳು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ. ಮೂವತ್ತನಾಲ್ಕು ವರ್ಷದ ಅನುಭವದ ಮೇಲೆ ಹೇಳೋದಾದರೆ ದೋಷ ಕಚ್ಚಾ ಸಾಮಾನಿನಲ್ಲೇ ಇತ್ತು, ಕೆಲಸಗಾರ್ತಿಯ ಕೈಯಲ್ಲಲ್ಲ ಅಂತ. ಕೊನೆಯ ಮಾತಂತೂ ನೂರಕ್ಕೆ ನೂರು ನಿಜ. ಹಳೇ ಹುದ್ದೆ ಹಾಕಲಾ ಅಂತ ಕೇಳಿದೆ. ಹಾಕಿ ಅಂದಳು. ಹುದ್ದೆ ಹಾಕಿ ಸಹಿ ಮಾಡಿದೆ. ಏಳು ವರ್ಷದಿಂದ ಇಂಥ ಸಹಿ ಮಾಡಿರಲಿಲ್ಲ, ಆದರೂ ಕೈ ಎಲ್ಲೂ ತಡವರಿಸಲಿಲ್ಲ.

ಅವಳು ಫೋಟೋ ತೆಗೆದು ಗುಂಪಿಗೆ ಹಾಕಿದಳು. ಆಮೇಲೆ ನಮಿತಾ ಏನೂ ಬರೆಯಲಿಲ್ಲ.

ಅಕ್ಟೋಬರ್ 12, ಶನಿವಾರ, ವಿಜಯದಶಮಿ

ಹೋಟೆಲಿನ ಪ್ರಾರಂಭ. ಮೂವರೂ ಹೋಗಿದ್ದೆವು. ಜಯಲಕ್ಷ್ಮಿ ಮೈಸೂರು ರೇಷ್ಮೆ ಉಟ್ಟಿದ್ದಳು. ಗೋಡೆ ತುಂಬ ನಮ್ಮ ತಟ್ಟೆಗಳು, ಮೇಲಿನಿಂದ ದೀಪ ಬಿಟ್ಟಿದಾರೆ. ಜನ ಹತ್ತಿರ ಹೋಗಿ ಬೆರಳಲ್ಲಿ ಸವರಿ ನೋಡ್ತಾರೆ, ಫೋಟೋ ತೆಗೆಸಿಕೊಳ್ತಾರೆ. ಶ್ರೀಪ್ರಿಯಾ ನನ್ನನ್ನ ಮಾಲೀಕರ ಮುಂದೆ ನಿಲ್ಲಿಸಿ, ಇವರು ನಮ್ಮಪ್ಪ, ಇವರಿಲ್ಲದಿದ್ದರೆ ಈ ಗೋಡೆಯೇ ಇಲ್ಲ ಅಂದಳು. ಅವರು ಕೈ ಕುಲುಕಿದರು. ನನಗೆ ಕಣ್ಣು ತುಂಬಿ ಬಂತು.

ಅಲ್ಲಿದ್ದಾಗಲೇ ಕಮಲಾಕರ ರಾಯರ ಫೋನು ಎರಡು ಸಲ ಬಂತು. ತೆಗೆಯಲಿಲ್ಲ. ಮನೆಗೆ ಬಂದು ನೋಡಿದರೆ ಒಂದು ಮೆಸೇಜು. ಕನ್ನಡದಲ್ಲೇ ಕಷ್ಟಪಟ್ಟು ಒತ್ತಿದಾರೆ: "ನಿಮ್ಮ ಕಾಗದ ಯಾರೋ ತೋರಿಸಿದರು. ಓದಿದೆ. ಮಗುಗೆ ನಾನು ಏನೂ ಹೇಳಲ್ಲ, ಹೆದರಬೇಡಿ."

ಹೆದರಬೇಡಿ ಅಂತೆ. ಹೆದರೋಕೆ ನಾನೇನು ಮಾಡಿದೀನಿ?

ಮೆಸೇಜು ಅಳಿಸಿದೆ. ಹಬ್ಬದ ಊಟ ಚೆನ್ನಾಗಿ ಸೇರಿತು, ಹೋಳಿಗೆ ಇನ್ನೊಂದು ಹಾಕಿಸಿಕೊಂಡೆ.